ಅರಿವು ಇರುವಾಗಲೇ ಆಡಬೇಕಾದ ಮಾತು

ಶ್ರವಣಬೆಳಗೊಳಕ್ಕೆ ಹೋದವರು ಹೆಚ್ಚಾಗಿ ಗೊಮ್ಮಟನನ್ನು ಕಂಡು ಹಿಂದಿರುಗುತ್ತಾರೆ. ಎದುರಿಗಿರುವ ಚಂದ್ರಗಿರಿ, ಹಳೆಯ ಹೆಸರಿನಲ್ಲಿ ಕಟವಪ್ರ, ಚಿಕ್ಕ ಬೆಟ್ಟ. ಆಹಾರ ತೊರೆಯುವ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರನ್ನು ನೆನೆಯುವ ಶಾಸನಗಳು ಅದರ ಬಂಡೆಗಳ ಮೇಲಿವೆ. ಸುಮಾರು ಏಳನೆಯ ಶತಮಾನದ ನಂದಿಸೇನ ಮುನಿಯ ಶಾಸನ ಅವುಗಳಲ್ಲಿ ಒಂದು. ರೂಪ, ಭೋಗ, ಸಿರಿ ಯಾವುದೂ ನಿಲ್ಲದೆಂದು ಅರಿತು ಆತ ಸನ್ಯಸನ ಕೈಗೊಂಡನೆಂದು ಅದು ಹೇಳುತ್ತದೆ. ನಮಗೆ ಉಳಿದಿರುವ ಕನ್ನಡದ ಬಹು ಹಳೆಯ ಪದ್ಯಗಳಲ್ಲೊಂದು ಅನಿತ್ಯವನ್ನೇ ಕುರಿತದ್ದು.

ಮುನಿಯ ದಾರಿ ಸಂಸಾರಿಗಳದ್ದಲ್ಲ. ಆದರೂ ಐವತ್ತು ದಾಟಿದ ನನ್ನಂಥವರು ಆ ಶಾಸನದ ಮುಂದೆ ತುಸು ಹೊತ್ತು ನಿಲ್ಲಬೇಕು. ಆತನ ಕೊನೆ ಆತನ ಅರಿವಿನೊಳಗೇ ನಡೆಯಿತು.

ಅನಿತ್ಯ ಎಂಬುದು ಹರಿಕಥೆಯಿಂದ ಮೈಯೊಳಗೆ ಇಳಿದು ಬರುವುದು ನಡುವಯಸ್ಸಿನಲ್ಲಿ. ಕಣ್ಣಿನ ಮಸೂರ ಗಡುಸಾಗಿ ಪತ್ರಿಕೆಯನ್ನು ದೂರ ಹಿಡಿಯಬೇಕಾಗುತ್ತದೆ. ಮೂವತ್ತರ ಆಚೆ ಸ್ನಾಯುಗಳು ಸದ್ದಿಲ್ಲದೆ ಕರಗತೊಡಗಿರುತ್ತವೆ. ಐವತ್ತರ ಮೊಣಕಾಲು ಅದನ್ನು ಮೆಟ್ಟಿಲ ಮೇಲೆ ಹೇಳುತ್ತದೆ. ಹಾಸಿಗೆ ಹಿಡಿದ ಅಪ್ಪನನ್ನೋ ಅಮ್ಮನನ್ನೋ ಎತ್ತಿ ಕೂರಿಸುವಾಗ ನಮ್ಮ ಸರದಿಯೂ ಕಣ್ಣಿಗೆ ಕಾಣುತ್ತದೆ.

ಆಗ ಬಾಯಿಂದ ಹೊರಡುವ ಮಾತು: ಯಾರ ಕೈಗೂ ಬೀಳದೆ ಹೋಗಿಬಿಟ್ಟರೆ ಸಾಕು. ಸಾವಿಗಿಂತ ಹಂಗಿಗೆ ನಾವು ಹೆಚ್ಚು ಹೆದರುತ್ತೇವೆ. ಬಸವಣ್ಣನವರೂ ಮುಪ್ಪಿನ ಚಿಹ್ನೆಗಳನ್ನು ಎಣಿಸುವ ವಚನದಲ್ಲಿ ಪರರ ಹಂಗನ್ನು ಅವುಗಳ ಸಾಲಿಗೇ ಸೇರಿಸಿದ್ದಾರೆ.

ಈ ಭಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹುಟ್ಟಿದಾಗ ನಮ್ಮನ್ನು ತೊಳೆದವರು, ತಿನ್ನಿಸಿದವರು ಬೇರೆಯವರೇ. ಅದರಿಂದ ಯಾರ ಮಾನವೂ ಹೋಗಲಿಲ್ಲ. ಕೊನೆಗಾಲದಲ್ಲಿ ಇನ್ನೊಬ್ಬರ ತೋಳು ಹಿಡಿದು ನಡೆದರೂ ಹೋಗುವುದಿಲ್ಲ. ದೈನ್ಯ ಬರುವುದು, ನಮ್ಮ ಹಣ, ನಮ್ಮ ಚಿಕಿತ್ಸೆ, ನಮ್ಮ ಹಾಸಿಗೆಯ ಕುರಿತ ಮಾತು ನಮ್ಮನ್ನು ಕೇಳದೆ ನಮ್ಮ ತಲೆಯ ಮೇಲೆಯೇ ಹಾದುಹೋಗುವಾಗ. ಸ್ವಾಭಿಮಾನ ಇರುವುದು ಮೈಯ ಕಸುವಿನಲ್ಲಲ್ಲ, ನಮ್ಮ ಮಾತು ಸಲ್ಲುವುದರಲ್ಲಿ.

ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ಮುಂಬೈಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ನಡೆದ ಭೀಕರ ಹಲ್ಲೆಯಿಂದ ಅರಿವು ಕಳೆದುಕೊಂಡವರು 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಉಳಿದರು. ಆಸ್ಪತ್ರೆಯ ದಾದಿಯರು ಅವರನ್ನು ಮನೆಯವರಂತೆ ನೋಡಿಕೊಂಡರು. ಆದರೆ ಅರುಣಾ ಅವರಿಗೆ ಏನು ಬೇಕಿತ್ತು ಎಂಬ ಪ್ರಶ್ನೆಯ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಬೇರೆಯವರೇ ವಾದಿಸಬೇಕಾಯಿತು.

ಇಂದು ನಮಗೆ ಆ ಅಸಹಾಯಕತೆ ಇಲ್ಲ. ಗುಣವಾಗುವ ಆಸೆಯೇ ಉಳಿಯದಾಗ ಯಂತ್ರಗಳಿಂದ ಉಸಿರನ್ನು ಎಳೆಯಬೇಡಿ ಎಂದು ಮೊದಲೇ ಬರೆದಿಡುವ ಹಕ್ಕನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಹೀಗೆ ಬರೆದಿಡುವುದು ಸಾವನ್ನು ಕರೆಯುವುದಲ್ಲ. ಬರುವ ಸಾವಿಗೆ ದಾರಿ ಬಿಡುವುದು.

ಇಂಥ ಮಾತನ್ನು ಮನೆಯಲ್ಲಿ ಎತ್ತಿದರೆ 'ಬಿಡ್ತು ಅನ್ನು' ಎನ್ನುತ್ತಾರೆ. ಆದರೂ ಎತ್ತಬೇಕು. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಮಕ್ಕಳ ಎದುರು ಹೇಳಿ ಬರೆದಿಡಬೇಕು. ಪ್ರೀತಿಯ ಭರದಲ್ಲಿ ಮನೆ, ಹೊಲ ಎಲ್ಲವನ್ನೂ ಬರೆದುಕೊಟ್ಟು ಬರಿಗೈಯಾಗಬಾರದು. ಕೊಟ್ಟರೂ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಅದನ್ನು ಮುರಿದರೆ ಆ ದಾನವನ್ನು ರದ್ದುಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆ.

ದೇಹ ನಿಲ್ಲುವುದಿಲ್ಲ, ಅದು ಯಾರ ಕೈಯಲ್ಲೂ ಇಲ್ಲ. ನಮ್ಮ ಕೈಯಲ್ಲಿರುವುದು ಮಾತು. ಅದನ್ನು ಈ ವಯಸ್ಸಿನಲ್ಲೇ ಆಡಿಬಿಡಿ.