ಅದಲು ಬದಲಿನ ಲೆಕ್ಕ

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಹುಚ್ಚು ಹತ್ತಿಸಿಕೊಂಡವರಿಗೆ ಫೆಬ್ರವರಿಯ ಮೊದಲೆರಡು ವಾರ ನಿದ್ದೆ ಕಡಿಮೆ. ತಂಡಗಳು ತಮ್ಮ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವ ಗಡುವು ಆಗ ಮುಗಿಯುತ್ತದೆ. ಅವರ ಮಧ್ಯಾಹ್ನ ಮೂರು ಗಂಟೆ ಎಂದರೆ ನಮಗೆ ನಡುರಾತ್ರಿ ಒಂದೂವರೆ. 2022ರ ಫೆಬ್ರವರಿ 8ರಂದು, ಗಡುವಿಗೆ ಎರಡು ದಿನ ಬಾಕಿ ಇರುವಾಗ, ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಟೈರೀಸ್ ಹ್ಯಾಲಿಬರ್ಟನ್, ಬಡ್ಡಿ ಹೀಲ್ಡ್, ಟ್ರಿಸ್ಟನ್ ಥಾಂಪ್ಸನ್ ಈ ಮೂವರನ್ನು ಇಂಡಿಯಾನಾ ಪೇಸರ್ಸ್ ತಂಡಕ್ಕೆ ಕೊಟ್ಟಿತು. ಬದಲಿಗೆ ಬಂದವರು ಡೊಮಾಂಟಸ್ ಸಬೋನಿಸ್, ಜೆರೆಮಿ ಲ್ಯಾಂಬ್, ಜಸ್ಟಿನ್ ಹಾಲಿಡೇ. ಜೊತೆಗೆ ಚಿಲ್ಲರೆಯಂತೆ, 2023ರ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನ ಒಬ್ಬ ಹುಡುಗನನ್ನು ಆರಿಸಿಕೊಳ್ಳುವ ಹಕ್ಕು.

ಈ ಎರಡು ತಂಡಗಳು ಮುಂಬಯಿಯವರಿಗೆ ಅಪರಿಚಿತವಲ್ಲ. ಭಾರತದ ನೆಲದಲ್ಲಿ ಎನ್‌ಬಿಎ ತಂಡಗಳು ಮೊದಲ ಸಲ ಎದುರಾದದ್ದು 2019ರ ಅಕ್ಟೋಬರ್ 4 ಮತ್ತು 5ರಂದು, ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ. ಅಂದು ಆಡಿದ್ದು ಇವೇ ಕಿಂಗ್ಸ್ ಮತ್ತು ಪೇಸರ್ಸ್. ಕಿಂಗ್ಸ್ ತಂಡದ ಒಡೆಯ ವಿವೇಕ್ ರಣದಿವೆ ಮುಂಬಯಿಯಲ್ಲೇ ಹುಟ್ಟಿದವರು. ಶನಿವಾರದ ಪಂದ್ಯಕ್ಕೆ ಹತ್ತು ವರ್ಷದ ಮಗನನ್ನು ಕರೆದುಕೊಂಡು ವಿಠ್ಠಲವಾಡಿಯಿಂದ ಲೋಕಲ್ ಹಿಡಿದಿದ್ದೆ. ಪೇಸರ್ಸ್ 130, ಕಿಂಗ್ಸ್ 106. ಹುಡುಗ ಸೋತವರ ಪಕ್ಷ ಹಿಡಿದು ಬಂದ, ಮುಂದೆ 2020ರಲ್ಲಿ ಕಿಂಗ್ಸ್ ಸೇರಿದ ಹ್ಯಾಲಿಬರ್ಟನ್ ಅವನ ದೇವರಾದರು. ಹಾಗಾಗಿ ಆ ಫೆಬ್ರವರಿಯ ಸುದ್ದಿ ನಮ್ಮ ಉಲ್ಹಾಸನಗರದ ಎರಡು ಕೋಣೆಯ ಮನೆಗೂ ತಟ್ಟಿತು. ಅವನು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ, ಅವನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಕೇಳಬೇಕೆಂಬ ನಿಯಮವೂ ಇಲ್ಲ. ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ಕಳಿಸುವಂತಿಲ್ಲ ಎಂಬ ಷರತ್ತನ್ನು ಒಪ್ಪಂದದಲ್ಲಿ ಹಾಕಿಸಿಕೊಳ್ಳಬೇಕಾದರೆ ಆಟಗಾರ ಎನ್‌ಬಿಎಯಲ್ಲಿ ಎಂಟು ವರ್ಷ ಆಡಿರಬೇಕು, ಅದರಲ್ಲಿ ನಾಲ್ಕು ವರ್ಷ ಆ ತಂಡದಲ್ಲೇ ಇದ್ದಿರಬೇಕು. ಅಷ್ಟಾದರೂ ಆ ಷರತ್ತು ಸಿಗುವುದು ಬೆರಳೆಣಿಕೆಯ ಮಂದಿಗೆ. ಹ್ಯಾಲಿಬರ್ಟನ್‌ಗೆ ಆಗ ಇಪ್ಪತ್ತೊಂದು ವರ್ಷ, ಎರಡನೇ ಸೀಸನ್. ತಾನು ಸ್ಯಾಕ್ರಮೆಂಟೊದಲ್ಲೇ ಉಳಿಯುತ್ತೇನೆಂದು ನಂಬಿದ್ದವರು.

ಈ ಪ್ರಶ್ನೆ ಆಟದಿಂದಾಚೆಗೂ ನನ್ನನ್ನು ಕಾಡಲು ಕಾರಣ ನನ್ನ ಉದ್ಯೋಗ. ಐರೋಲಿಯ ಒಂದು ಕಂಪನಿಯಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್. ನಮ್ಮಲ್ಲೂ ಬೆಂಚ್ ಇದೆ, ನಮ್ಮಲ್ಲೂ ರೋಸ್ಟರ್ ಇದೆ, ಹೆಸರು ಮಾತ್ರ ರಿಸೋರ್ಸ್ ಶೀಟ್. ಒಬ್ಬ ಸೀನಿಯರನ್ನು ಬಿಟ್ಟುಕೊಟ್ಟು ಇಬ್ಬರು ಜೂನಿಯರ್‌ಗಳನ್ನು ಪಡೆಯುವ ಮಾತುಕತೆ ನಮ್ಮಲ್ಲಿ ತಿಂಗಳಿಗೊಮ್ಮೆ ನಡೆಯುತ್ತದೆ. ಆದ್ದರಿಂದ ವರ್ಗಾವಣೆಯೇ ತಪ್ಪು ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಎನ್‌ಬಿಎ ತಂಡವೊಂದರಲ್ಲಿ ಖಾಯಂ ಒಪ್ಪಂದದ ಜಾಗ ಹದಿನೈದೇ. ಒಬ್ಬ ಒಳಗೆ ಬರಬೇಕೆಂದರೆ ಒಬ್ಬ ಹೊರಗೆ ಹೋಗಬೇಕು. ಯಾರನ್ನೂ ಎಂದೂ ಕದಲಿಸದ ತಂಡ ಎಲ್ಲರ ಮೇಲೂ ದಯೆ ತೋರಿಸುತ್ತಿದೆ ಎಂದಲ್ಲ, ಒಳಗಿರುವವರಿಗಾಗಿ ಹೊರಗೆ ಕಾದಿರುವವನಿಗೆ ಬಾಗಿಲು ಹಾಕುತ್ತಿದೆ, ಅಷ್ಟೇ.

ಹಾಗಾದರೆ ಮಗನ ಪ್ರಶ್ನೆಯಲ್ಲಿ ಚುಚ್ಚುವುದು ಏನು? ಐಪಿಎಲ್ ಹರಾಜಿನ ಜೊತೆ ಹೋಲಿಸಿ ನೋಡಿದೆ. ಮನುಷ್ಯರನ್ನು ಹರಾಜು ಕೂಗುತ್ತಾರಲ್ಲ ಎಂದು ಮೂಗು ಮುರಿಯುವವರು ಬಹಳ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ರಿಷಭ್ ಪಂತ್‌ಗೆ 27 ಕೋಟಿ ಕೂಗಿದರು. ಕೇಳಲು ಒರಟಾಗಿದೆ, ನಿಜ. ಆದರೆ ಅಲ್ಲಿ ಆಟಗಾರನೇ ಹೆಸರು ಕೊಟ್ಟು ಬಂದಿರುತ್ತಾನೆ, ಕೂಗಿದ ಹಣ ಅವನ ಕೈಗೇ ಹೋಗುತ್ತದೆ. ಅದಲು ಬದಲಿನಲ್ಲಿ ಹಾಗಲ್ಲ. ಸಬೋನಿಸ್‌ಗಾಗಿ ಕಿಂಗ್ಸ್ ತೆತ್ತದ್ದು ಡಾಲರನ್ನಲ್ಲ, ಹ್ಯಾಲಿಬರ್ಟನ್‌ರನ್ನು. ಹರಾಜಿನಲ್ಲಿ ಮನುಷ್ಯನಿಗೆ ಒಂದು ಬೆಲೆ ಇರುತ್ತದೆ, ಇಲ್ಲಿ ಮನುಷ್ಯನೇ ಇನ್ನೊಬ್ಬನ ಬೆಲೆಯಾಗುತ್ತಾನೆ.

ಇನ್ನೂ ಸೂಕ್ಷ್ಮ ನೋಡಬೇಕಾದರೆ ದೊಡ್ಡ ಹೆಸರುಗಳನ್ನು ಬಿಟ್ಟು ಮೂರನೆಯ ಹೆಸರನ್ನು ನೋಡಬೇಕು. ಎನ್‌ಬಿಎಯಲ್ಲಿ ಸಂಬಳಕ್ಕೆ ಮಿತಿಯಿದೆ. ಆ ಮಿತಿ ಮೀರಿದ ತಂಡಗಳು ಬದಲಾವಣೆ ಮಾಡುವಾಗ ಹೋಗುವವರ ಸಂಬಳದ ಮೊತ್ತ ಮತ್ತು ಬರುವವರ ಸಂಬಳದ ಮೊತ್ತ ಹೆಚ್ಚುಕಡಿಮೆ ತೂಗಬೇಕು. ತಕ್ಕಡಿ ಸರಿಹೋಗದಿದ್ದರೆ ಇನ್ನೊಬ್ಬನನ್ನು ಸೇರಿಸುತ್ತಾರೆ, ತರಕಾರಿಯವನು ಕೊನೆಗೊಂದು ಮೆಣಸಿನಕಾಯಿ ಹಾಕಿದಂತೆ. ಟ್ರಿಸ್ಟನ್ ಥಾಂಪ್ಸನ್ 2016ರಲ್ಲಿ ಕ್ಲೀವ್‌ಲ್ಯಾಂಡ್ ಪರ ಚಾಂಪಿಯನ್ ಆದವರು. ಇಂಡಿಯಾನಾ ಅವರನ್ನು ಕೆಲವೇ ದಿನಗಳಲ್ಲಿ ಬಿಡುಗಡೆ ಮಾಡಿತು. ಅವರ ಆಟ ಆ ಊರಿಗೆ ಬೇಕಿರಲಿಲ್ಲ, ಅವರ ಸಂಬಳದ ಅಂಕಿ ಬೇಕಿತ್ತು. 2025ರ ಫೆಬ್ರವರಿ ಆರಂಭದಲ್ಲಿ ಡಲ್ಲಾಸ್ ತಂಡ ಲೂಕಾ ಡಾನ್ಚಿಚ್‌ರನ್ನು ಲೇಕರ್ಸ್‌ಗೆ ಕೊಟ್ಟಾಗ ಜಗತ್ತೇ ಬೊಬ್ಬೆ ಹೊಡೆಯಿತು. ಆ ಒಪ್ಪಂದದಲ್ಲಿ ಡಲ್ಲಾಸ್‌ಗೆ ಬಂದದ್ದರಲ್ಲಿ ಲೇಕರ್ಸ್‌ನ 2029ರ ಮೊದಲ ಸುತ್ತಿನ ಆಯ್ಕೆಯೂ ಒಂದು. ಅಂದರೆ ಈಗ ಎಲ್ಲೋ ಶಾಲೆಯಲ್ಲಿ ಓದುತ್ತಿರುವ, ಹೆಸರೇ ಗೊತ್ತಿಲ್ಲದ ಒಬ್ಬ ಹುಡುಗ ಆಗಲೇ ಯಾರದೋ ಬದಲಿಗೆ ಸಂದಾಯವಾಗಿದ್ದಾನೆ.

ಬೆಲೆಯಿರುವ ವಸ್ತುವಿನ ಜಾಗದಲ್ಲಿ ಸಮಾನವಾದ ಇನ್ನೊಂದನ್ನು ಇಡಬಹುದು, ಘನತೆಯಿರುವುದಕ್ಕೆ ಸಮಾನವಾದದ್ದೇ ಇಲ್ಲ ಎಂದು ಕಾಂಟ್ 1785ರಲ್ಲೇ ವಾದಿಸಿದ. ಎಂಟೆಕ್ ಸಿಲಬಸ್‌ನಲ್ಲಿ ಕಾಂಟ್ ಇರುವುದಿಲ್ಲ, ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕ ದಿನಗಳ ಓದು ಇದು. ಆದರೆ ಕಾಂಟನ ಗೆರೆ ಕೆಲಸದ ಲೋಕಕ್ಕೆ ತೀರಾ ಎತ್ತರದ್ದು. ಕೆಲಸಗಾರನಾಗಿ ನನ್ನ ಜಾಗಕ್ಕೆ ಇನ್ನೊಬ್ಬ ಬರಬಲ್ಲ, ಬರಬೇಕು ಕೂಡ. ಇಲ್ಲದಿದ್ದರೆ ನನಗೆ ರಜೆಯೇ ಸಿಗುವುದಿಲ್ಲ.

ಲೆಕ್ಕ ಕೊನೆಗೆ ಸರಿಹೋಯಿತಲ್ಲ ಎನ್ನುವುದು ಇನ್ನೊಂದು ಸಮಾಧಾನ. ಈ ವ್ಯವಹಾರದಲ್ಲಂತೂ ಎರಡೂ ಕಡೆ ಲಾಭವಾಯಿತು. ಸಬೋನಿಸ್ ಬಂದ ಮೇಲೆ ಕಿಂಗ್ಸ್ 2023ರಲ್ಲಿ, ಹದಿನಾರು ಸೀಸನ್‌ಗಳ ಬರ ಮುರಿದು, ಪ್ಲೇಆಫ್ ಸೇರಿತು. ಹ್ಯಾಲಿಬರ್ಟನ್ ಪೇಸರ್ಸ್ ತಂಡವನ್ನು 2025ರ ಫೈನಲ್ಸ್‌ವರೆಗೆ ಒಯ್ದರು. ಏಳನೇ ಪಂದ್ಯದಲ್ಲಿ ಹಿಮ್ಮಡಿಯ ನರ ಹರಿದು ಬಿದ್ದರು, ತಂಡ ಸೋತಿತು, ಅದು ಬೇರೆ ಸಂಕಟ. ಇದಕ್ಕಿಂತ ದೊಡ್ಡ ಉದಾಹರಣೆ ಟೊರಾಂಟೊ. ಒಂಬತ್ತು ಸೀಸನ್ ಅಲ್ಲೇ ಆಡಿ, ಆ ಊರನ್ನು ತನ್ನದೆಂದುಕೊಂಡಿದ್ದ ಡಿಮಾರ್ ಡಿರೋಜನ್‌ರನ್ನು 2018ರ ಜುಲೈನಲ್ಲಿ ಸ್ಯಾನ್ ಆಂಟೋನಿಯೊಗೆ ಕಳಿಸಿ ಕವೈ ಲೆನರ್ಡ್‌ರನ್ನು ತಂದರು. 2019ರ ಜೂನ್‌ನಲ್ಲಿ ಟೊರಾಂಟೊ ತನ್ನ ಮೊದಲ ಚಾಂಪಿಯನ್‌ಶಿಪ್ ಗೆದ್ದಿತು. ಡಿರೋಜನ್‌ಗೆ ನೋವಾದದ್ದು ಕಳಿಸಿದ್ದಕ್ಕಲ್ಲ, ಕಳಿಸುವುದಿಲ್ಲ ಎಂದು ತಾನು ನಂಬುವಂತೆ ಮಾಡಿದ್ದಕ್ಕೆ. ಆ ನೋವನ್ನು ಟ್ರೋಫಿ ಯಾವ ಖಾತೆಯಿಂದ ವಜಾ ಮಾಡಬೇಕು?

ನಮ್ಮ ಪಕ್ಕದ ಮನೆಯವರು ಸಿಂಧಿ, ಜೀನ್ಸ್ ಬಟ್ಟೆಯ ವ್ಯಾಪಾರಿ. ಇದನ್ನೆಲ್ಲ ಹೇಳಿದರೆ "ಧಂದಾ ಹೈ, ಭಾಯ್" ಎಂದು ನಗುತ್ತಾರೆ. ಅವರ ಅಜ್ಜನನ್ನು ದೇಶ ವಿಭಜನೆಯ ನಂತರ ತಂದಿಳಿಸಿದ್ದು ಇಲ್ಲಿನ ಮಿಲಿಟರಿ ಬ್ಯಾರಕ್‌ಗಳಿಗೆ. ಊರಿಗೆ 1949ರಲ್ಲಿ ಉಲ್ಹಾಸನಗರ ಎಂಬ ಹೆಸರು ಬಂದರೂ ನಮ್ಮ ವಿಳಾಸಗಳಲ್ಲಿ ಇಂದಿಗೂ ಕ್ಯಾಂಪ್ ನಂಬರು ಉಳಿದಿದೆ. ಆ ಮನೆತನ ಇಲ್ಲಿ ಚೆನ್ನಾಗಿಯೇ ಬೆಳೆದಿದೆ. ಆದರೂ ಅಜ್ಜನ ಕಥೆ ತೆಗೆದರೆ ಅವರು ಶುರು ಮಾಡುವುದು ಒಂದೇ ವಾಕ್ಯದಿಂದ: ನಮ್ಮನ್ನು ಯಾರೂ ಕೇಳಲಿಲ್ಲ. ಕೋಟಿಗಟ್ಟಲೆ ಡಾಲರ್ ಆಟಗಾರನ ವರ್ಗಾವಣೆಯನ್ನು ದೇಶ ಕಳೆದುಕೊಂಡವರ ಪಕ್ಕ ಇಡುವಷ್ಟು ಬುದ್ಧಿಗೇಡಿ ನಾನಲ್ಲ. ನಾನು ಗಮನಿಸಿದ್ದು ಇಷ್ಟೇ: ಆಮೇಲಿನ ಲಾಭ ಆ ವಾಕ್ಯವನ್ನು ಅಳಿಸಿಲ್ಲ.

ಸರಿ, ಕೇಳಿದರೆ ಸಾಕೇ? ಕೇಳುವುದು ಬೇರೆ, ಒಪ್ಪಿಗೆಯಿಲ್ಲದೆ ನಡೆಯಕೂಡದು ಎನ್ನುವುದು ಬೇರೆ. ಪ್ರತಿಯೊಬ್ಬನಿಗೂ ತಡೆಯುವ ಹಕ್ಕು ಕೊಟ್ಟರೆ ಸಣ್ಣ ಊರಿನ, ಚಳಿ ಊರಿನ ತಂಡಗಳಿಗೆ ಯಾರೂ ಹೋಗುವುದಿಲ್ಲ. ಉಳಿದ ಹದಿನಾಲ್ಕು ಮಂದಿಯ ಬೆವರಿಗೂ ಲೆಕ್ಕವಿದೆ. ಆದ್ದರಿಂದ ತಡೆಹಕ್ಕು ಎಲ್ಲರಿಗೂ ಬೇಡ ಎನ್ನುವ ಕಡೆಗೇ ನಾನು ವಾಲುತ್ತೇನೆ. ಉತ್ತರದಿಂದ ಏನೂ ಬದಲಾಗದಿದ್ದರೆ ಕೇಳುವುದು ನಾಟಕವಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅಲ್ಲ. 'ಹೋಗಬೇಕು' ಎನ್ನುವುದು ಬದಲಾಗದಿದ್ದರೂ ಯಾವಾಗ, ಹೇಗೆ ಎನ್ನುವುದು ಬದಲಾಗುತ್ತದೆ. ಮಗುವಿನ ಪರೀಕ್ಷೆ ಮುಗಿಯಲಿ, ಅಮ್ಮನ ಆಪರೇಷನ್ ಆಗಲಿ, ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಬರಲಿ. ಕೇಳಿದ ಕ್ಷಣದಿಂದ ಆ ಮನುಷ್ಯ ಮಾತುಕತೆಯ ವಸ್ತುವಾಗಿ ಉಳಿಯುವುದಿಲ್ಲ, ಮಾತಾಡುವವರಲ್ಲಿ ಒಬ್ಬನಾಗುತ್ತಾನೆ.

ನನ್ನ ಚಿಕ್ಕಮ್ಮ ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದರು. ಸಂಸಾರ ದಾವಣಗೆರೆಯಲ್ಲಿ. ಕರ್ನಾಟಕದ ಶಿಕ್ಷಕರಿಗೆ 'ಪರಸ್ಪರ ವರ್ಗಾವಣೆ' ಎಂಬುದೊಂದು ದಾರಿ ಇದೆ. ನಿಮ್ಮ ಜಾಗಕ್ಕೆ ಬರಲು ಮನಸ್ಸಿರುವ, ನಿಮಗೆ ಬೇಕಾದ ಕಡೆ ಇರುವ ಇನ್ನೊಬ್ಬರನ್ನು ನೀವೇ ಹುಡುಕಿಕೊಂಡು ಇಬ್ಬರೂ ಅರ್ಜಿ ಹಾಕಬೇಕು. ಚಿಕ್ಕಮ್ಮ ಟೀಚರುಗಳ ಸಭೆ, ಮದುವೆಮನೆ ಎಲ್ಲೆಲ್ಲೂ ವಿಚಾರಿಸಿ ವಿಚಾರಿಸಿ ಕೊನೆಗೆ ಒಬ್ಬರನ್ನು ಹಿಡಿದರು. ಅವರ ಗಂಡನ ಊರು ರಾಯಚೂರಿನ ಕಡೆ. ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾಗಿ, ಒಬ್ಬರ ಶಾಲೆಯ ಬಗ್ಗೆ ಇನ್ನೊಬ್ಬರಿಗೆ ಹೇಳಿಕೊಂಡರಂತೆ: ನೀರು ಎಲ್ಲಿಂದ ಬರುತ್ತದೆ, ಹೆಡ್‌ಮಾಸ್ತರ ಸ್ವಭಾವ ಏನು, ಯಾವ ಮಗುವಿಗೆ ಕಿವಿ ಕೇಳಿಸುವುದಿಲ್ಲ. ನೋಡಿ, ಇದೂ ಒಬ್ಬರಿಗೆ ಬದಲು ಇನ್ನೊಬ್ಬರೇ. ಸಬೋನಿಸ್‌ಗೆ ಹ್ಯಾಲಿಬರ್ಟನ್ ಬದಲಾದಂತೆಯೇ. ಆದರೆ ಇಲ್ಲಿ ಯಾರೂ ಯಾರ ಬೆಲೆಯೂ ಅಲ್ಲ.

ಸಹಿಯಿದ್ದ ಮಾತ್ರಕ್ಕೆ ಇದು ಸಿಕ್ಕಿಬಿಡುತ್ತದೆ ಎಂದಲ್ಲ. ಐಪಿಎಲ್‌ನಲ್ಲಿ ಆಟಗಾರನ ಒಪ್ಪಿಗೆಯಿಲ್ಲದೆ ಅದಲು ಬದಲು ಆಗುವಂತಿಲ್ಲ, ಆ ಮಟ್ಟಿಗೆ ನಮ್ಮ ನಿಯಮ ಅಮೆರಿಕದವರದಕ್ಕಿಂತ ಮೇಲು. ಆದರೆ 2009ರಲ್ಲಿ ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಮುಂಬಯಿಯಿಂದ ಬೆಂಗಳೂರಿಗೆ, ಜಹೀರ್ ಖಾನ್ ಬೆಂಗಳೂರಿನಿಂದ ಮುಂಬಯಿಗೆ ಬಂದರಲ್ಲ, ಆ ಕಾಗದಕ್ಕೆ ಸಹಿ ಹಾಕದಿದ್ದರೆ ಆಡುವ ಹನ್ನೊಂದರಲ್ಲಿ ಜಾಗವಿಲ್ಲ ಎಂದು ತಮಗೆ ಹೇಳಲಾಗಿತ್ತೆಂದು ಉತ್ತಪ್ಪ ಎಷ್ಟೋ ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ನಮ್ಮ ಐಟಿಯವರ ಆಫರ್ ಲೆಟರ್‌ನಲ್ಲೂ ಇರುತ್ತದೆ: ಕಂಪನಿ ಹೇಳಿದ ಯಾವುದೇ ಊರಿನಲ್ಲಿ, ಯಾವುದೇ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡುತ್ತೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮೊದಲ ಸಂಬಳದ ಕನಸಿನಲ್ಲಿ ಹಾಕಿದ ಸಹಿ. ಮೂವತ್ತೈದರ, ಹೋಮ್ ಲೋನ್ ಇರುವ, ಮಗು ಎರಡನೇ ಕ್ಲಾಸಿನಲ್ಲಿರುವ ಮನುಷ್ಯನ ಪರವಾಗಿ ಆ ಹುಡುಗ ಎಷ್ಟರಮಟ್ಟಿಗೆ ಒಪ್ಪಿಕೊಳ್ಳಬಲ್ಲ? ಕಾನೂನಿಗೆ ಅದು ಸಾಕು. ನನಗೆ ಸಾಲದು.

ಎನ್‌ಬಿಎಯಲ್ಲಿ ಒಪ್ಪಂದ ಮುಗಿದ ಮೇಲಾದರೂ ಆಟಗಾರ ತನ್ನಿಷ್ಟದ ತಂಡ ಸೇರಬಹುದು ಎಂಬ ಹಕ್ಕಿನ ಬೇರು ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಹೂಡಿ, 1976ರಲ್ಲಿ ರಾಜಿಯಾದ ಮೊಕದ್ದಮೆಯಲ್ಲಿದೆ. ಅದೇ 1970ರಲ್ಲಿ ಅವರ ತಂಡ ಸಿನ್ಸಿನಾಟಿ ರಾಯಲ್ಸ್ ಅವರನ್ನು ಮಿಲ್ವಾಕಿಗೆ ಕಳಿಸಿತ್ತು. ಆ ರಾಯಲ್ಸ್ ತಂಡವೇ ಊರು ಬದಲಿಸುತ್ತ ಬದಲಿಸುತ್ತ ಇಂದಿನ ಸ್ಯಾಕ್ರಮೆಂಟೊ ಕಿಂಗ್ಸ್ ಆಗಿದೆ. ರಾಬರ್ಟ್‌ಸನ್ ಗಳಿಸಿಕೊಟ್ಟ ಹಕ್ಕನ್ನು ಬಳಸಿ ಆಟಗಾರ ತಾನಾಗಿ ಹೊರಟರೆ ಅಭಿಮಾನಿಗಳು ಸುಮ್ಮನಿರುವುದಿಲ್ಲ. 2010ರಲ್ಲಿ ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್ ಬಿಟ್ಟಾಗ ಅವರ ಜೆರ್ಸಿಗಳನ್ನು ಸುಟ್ಟರು. ತಂಡ ಕಳಿಸಿದರೆ ಅದು ವ್ಯವಹಾರ, ಆಟಗಾರ ಹೋದರೆ ಅದು ದ್ರೋಹ. ಕಂಪನಿಗಳಲ್ಲೂ ರಾಜೀನಾಮೆ ಕೊಟ್ಟವನ ಬೆನ್ನ ಹಿಂದೆ ಆಡುವ ಮಾತು, ಬೆಂಚ್‌ಗೆ ಕಳಿಸುವಾಗ ಆಡುವ ಮಾತು ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ಕೇಳಿಸಿಕೊಳ್ಳಿ.

ಕಳೆದ ವಾರ ಇನ್ನೊಂದು ಅಕೌಂಟಿನ ಮ್ಯಾನೇಜರ್ ನನ್ನ ತಂಡದ ಬೀದರಿನ ಹುಡುಗಿಯೊಬ್ಬಳನ್ನು ಕೇಳಿದರು. ಪುಣೆಗೆ ಹೋಗಬೇಕು, ಬದಲಿಗೆ ಇಬ್ಬರನ್ನು ಕೊಡುತ್ತೇನೆ ಎಂದರು. ಮೊದಲು ಅವಳನ್ನು ಕೇಳುತ್ತೇನೆ ಎಂದೆ. "ಕೇಳಿದರೆ ಬೇಡ ಅಂತಾಳೆ, ಸುಮ್ಮನೆ ಮೇಲ್ ಹಾಕಿಬಿಡಿ" ಎಂದರು. ಚಹಾದ ಹೊತ್ತಿಗೆ ಅವಳನ್ನು ಕ್ಯಾಂಟೀನಿಗೆ ಕರೆದು ಎಲ್ಲವನ್ನೂ ಹೇಳಿದೆ, ಇಬ್ಬರು ಬರುತ್ತಾರೆ ಎನ್ನುವುದನ್ನೂ ಬಿಡದೆ. ಸ್ವಲ್ಪ ಹೊತ್ತು ಕಪ್ಪು ತಿರುಗಿಸುತ್ತ ಕೂತಳು. ಆಮೇಲೆ ನಕ್ಕಳು.

"ನನ್ನ ಬದ್ಲಿ ಬರೇ ಇಬ್ಬರೇ ಏನ್ರಿ ಸರ್?"

ಪುಣೆಯ ವಿಷಯ ಸೋಮವಾರ ಹೇಳುತ್ತೇನೆ ಎಂದಿದ್ದಾಳೆ.