ಬಿಗಿ ಎಷ್ಟು, ಸಡಿಲ ಎಷ್ಟು

ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್‌ನಲ್ಲಿ ಮುಂದಿನ ಚಕ್ರಗಳಿಗೆ ದುಡಿಮೆ ಜಾಸ್ತಿ. ಎಂಜಿನ್, ಗೇರ್‌ಬಾಕ್ಸ್‌ಗಳ ಭಾರ ಅವುಗಳ ಮೇಲೆ. ಕಾರನ್ನು ಎಳೆಯುವುದೂ ಅವೇ, ತಿರುಗಿಸುವುದೂ ಅವೇ. ತಿರುವಿಗೆ ತುಸು ಜೋರಾಗಿ ನುಗ್ಗಿದರೆ, ಸ್ಟೀರಿಂಗ್ ಎಷ್ಟೇ ತಿರುಗಿಸಿದರೂ ಕಾರಿನ ಮೂತಿ ರಸ್ತೆಯ ಹೊರ ಅಂಚಿಗೇ ಜಾರುತ್ತದೆ. ಇದೇ ಅಂಡರ್‌ಸ್ಟಿಯರ್. ಇದಕ್ಕೆ ಕಾರು ಪ್ರಿಯರು ಕಂಡುಕೊಂಡಿರುವ ಮದ್ದು ಅಚ್ಚರಿಯದು: ತೊಂದರೆ ಮುಂದಿದ್ದರೆ, ದಪ್ಪನೆಯ ಸ್ವೇ ಬಾರ್ ಹಾಕುವುದು ಹಿಂದೆ.

ಎಡ ಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು ಇದು. ಎರಡೂ ಚಕ್ರ ಒಟ್ಟಿಗೆ ಏರಿಳಿದರೆ ಸುಮ್ಮನಿರುತ್ತದೆ. ಒಂದು ಮೇಲೆದ್ದು ಇನ್ನೊಂದು ಕೆಳಗಿಳಿದಾಗ ತಿರುಚಿಕೊಂಡು, ಕಾರು ವಾಲದಂತೆ ತಡೆಯುತ್ತದೆ. ಅದರ ಬಿಗಿ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ 20 ಮಿ.ಮೀ. ಸರಳಿನ ಬದಲು 22 ಮಿ.ಮೀ. ಹಾಕಿದರೂ ಸಾಕು, ಬಿಗಿ ಶೇ. 46ರಷ್ಟು ಹೆಚ್ಚುತ್ತದೆ.

ಆದರೆ ಈ ಸರಳು ಕಾರಿಗೆ ಹೊಸದಾಗಿ ಹಿಡಿತವನ್ನೇನೂ ತಂದುಕೊಡುವುದಿಲ್ಲ. ತಿರುವಿನಲ್ಲಿ ಒಳ ಚಕ್ರಗಳಿಂದ ಹೊರ ಚಕ್ರಗಳಿಗೆ ಎಷ್ಟು ಭಾರ ಸರಿಯಬೇಕೆಂಬುದನ್ನು ವೇಗ, ತಿರುವಿನ ತೀವ್ರತೆ, ಕಾರಿನ ಎತ್ತರ, ಅಗಲಗಳು ತೀರ್ಮಾನಿಸುತ್ತವೆ. ಅದರಲ್ಲಿ ಮುಂದಿನವು ಎಷ್ಟು ಹೊರಬೇಕು, ಹಿಂದಿನವು ಎಷ್ಟು ಎಂಬ ಪಾಲು ಮಾತ್ರ ಸರಳಿನ ಕೈಯಲ್ಲಿದೆ. ಟೈರಿನ ಮೇಲೆ ಭಾರ ದುಪ್ಪಟ್ಟಾದರೂ ಹಿಡಿತ ದುಪ್ಪಟ್ಟಾಗುವುದಿಲ್ಲ. ಹೀಗಾಗಿ ಹಿಂದಿನ ಸರಳು ದಪ್ಪವಾದಾಗ ಹೆಚ್ಚು ಪಾಲು ಹೊತ್ತ ಹಿಂದಿನ ಜೋಡಿ ತುಸು ಹಿಡಿತ ಕಳೆದುಕೊಳ್ಳುತ್ತದೆ, ಮುಂದಿನ ಜೋಡಿ ತುಸು ಗಳಿಸುತ್ತದೆ. 1976ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಬಿರುಸಿನ ತಿರುವಿನಲ್ಲಿ ಒಳಬದಿಯ ಹಿಂಚಕ್ರವನ್ನು ನೆಲದಿಂದ ಎತ್ತಿಬಿಡುತ್ತಿತ್ತು. ನೋಡಿದವರು ಕಾರು ಮಗುಚಿತೇನೋ ಎಂದು ಹೆದರಬೇಕು. ಓಡಿಸುವವನಿಗೋ ಅದು ಹೇಳಿದ ಕಡೆ ತಿರುಗುವ ಕಾರು.

ಒಂದೆಡೆಯಿಂದ ಕಿತ್ತು ಇನ್ನೊಂದೆಡೆಗೆ ಕೊಡುವುದನ್ನು ಸಮತೋಲ ಎನ್ನಬಹುದೇ? ಎನ್ನಬಹುದು, ಯಾಕೆಂದರೆ ಮುಂದಿನ ಚಕ್ರಗಳು ಏದುಸಿರು ಬಿಡುತ್ತಿದ್ದಾಗ ಹಿಂದಿನವುಗಳ ಬಳಿ ಬಳಸದೆ ಉಳಿದ ಹಿಡಿತವಿತ್ತು. ಕಷ್ಟವಿರುವುದು ಅಳತೆಯಲ್ಲಿ.

ಬೌದ್ಧ ಗ್ರಂಥಗಳಲ್ಲಿ ಸೋಣ ಎಂಬ ಭಿಕ್ಷುವಿನ ಕಥೆ ಬರುತ್ತದೆ. ಸಿರಿವಂತರ ಮನೆಯ ಮಗ, ವೀಣೆ ಬಲ್ಲವನು. ಸಾಧನೆಯ ಹಟಕ್ಕೆ ಬಿದ್ದು, ಕಾಲು ಒಡೆದು ಓಡಾಡುವ ದಾರಿಯೆಲ್ಲ ರಕ್ತವಾಗುವಷ್ಟು ನಡೆದ. ಫಲ ಕಾಣದೆ ಮನೆಗೆ ಮರಳುವ ಯೋಚನೆಯಲ್ಲಿದ್ದಾಗ ಬುದ್ಧ ಕೇಳಿದ್ದು ತಂತಿಯ ವಿಷಯ: ಅತಿ ಬಿಗಿದರೆ ವೀಣೆ ನುಡಿಯುತ್ತಿತ್ತೇ, ಸಡಿಲ ಬಿಟ್ಟರೆ ನುಡಿಯುತ್ತಿತ್ತೇ? ಮಧ್ಯಮ ಮಾರ್ಗವೆಂದರೆ ಎರಡು ತುದಿಗಳ ನಡುವೆ ಅಳೆದು ಹಾಕಿದ ಗೆರೆ ಎಂದು ತಿಳಿದವರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು. ವೀಣೆಯ ಎಲ್ಲ ತಂತಿಗಳಿಗೂ ಒಂದೇ ಬಿಗಿ ಕೊಟ್ಟು ಶ್ರುತಿ ಮಾಡುವವರಿಲ್ಲ. ಅರಿಸ್ಟಾಟಲ್ ಕೂಡ ನೀತಿಶಾಸ್ತ್ರದ ತನ್ನ ಗ್ರಂಥದಲ್ಲಿ ಇದನ್ನೇ ಎತ್ತುತ್ತಾನೆ: ಜಟ್ಟಿ ಮಿಲೋಗೆ ಸಾಲದ ಊಟ ಹೊಸದಾಗಿ ಗರಡಿಗೆ ಬಂದವನಿಗೆ ವಿಪರೀತವಾದೀತು.

ನಮ್ಮಲ್ಲಿ ದೇಶ, ಕಾಲ, ಪಾತ್ರ ನೋಡಬೇಕೆನ್ನುವುದು ಕಾರಿನ ಅಡಿಯಲ್ಲೂ ಅಷ್ಟೇ ನಿಜ. ಒಣ ರೇಸ್ ಟ್ರ್ಯಾಕ್‌ನಲ್ಲಿ ಚುರುಕು ತಂದ ಹಿಂದಿನ ಬಿಗಿ, ಮಳೆಗಾಲದ ಚಾರ್ಮಾಡಿ ಘಾಟಿಯಲ್ಲಿ ಅಪಾಯ ತಂದೀತು: ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ವಾಲಿ, ಹಗುರಾದ ಹಿಂಭಾಗ ಹೊರಗೆ ಜಾರುತ್ತದೆ. ಕಂಪನಿಗಳು ಅಂಡರ್‌ಸ್ಟಿಯರ್ ಅನ್ನು ಬೇಕೆಂದೇ ಉಳಿಸುವುದು ಇದಕ್ಕೇ. ಮೂತಿ ಜಾರಿದರೆ ಸಾಮಾನ್ಯ ಚಾಲಕ ವೇಗ ತಗ್ಗಿಸಿ ಬಚಾವಾಗುತ್ತಾನೆ. ಬಾಲ ಜಾರಿದರೆ ಸ್ಟೀರಿಂಗ್ ಅನ್ನು ಜಾರಿದ ಕಡೆಗೇ ತಿರುಗಿಸುವ ಅಭ್ಯಾಸ ಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ಇನ್ನೊಂದು ದಂಡವೂ ಇದೆ. ಎಡ ಚಕ್ರ ತಿಂದ ಪೆಟ್ಟನ್ನು ಸರಳು ಬಲ ಚಕ್ರಕ್ಕೂ ದಾಟಿಸುತ್ತದೆ, ಅದನ್ನು ಹಿಡಿದಿಡುವ ಲಿಂಕ್ ರಾಡ್, ಬುಷ್‌ಗಳು ಬೇಗ ಸವೆಯುತ್ತವೆ.

ಕೆಲವು ಸ್ವೇ ಬಾರ್‌ಗಳ ತುದಿಯಲ್ಲಿ ಎರಡು ಮೂರು ತೂತುಗಳಿರುತ್ತವೆ. ಲಿಂಕ್ ಅನ್ನು ತುದಿಯ ತೂತಿಗೆ ಹಾಕಿದರೆ ಸಡಿಲ, ಒಳಗಿನದಕ್ಕೆ ಹಾಕಿದರೆ ಬಿಗಿ. ಹೊಸದಾಗಿ ಹಾಕಿಸುವವರು ತುದಿಯ ತೂತಿನಿಂದಲೇ ಶುರು ಮಾಡಿ, ಒಂದು ಮಳೆಗಾಲ ಓಡಿಸಿ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯುವುದು ಒಳ್ಳೆಯದು.