ಏಳು ಗಾಯದ ಪಟ್ಟಿ

ಕ್ಷೌರದಂಗಡಿಯ ಕಿಟಕಿಯ ಸರಳಿಗೆ ತೊಗಲಿನ ಪಟ್ಟಿಯೊಂದು ತೂಗುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಇನ್ನೂ ಸಾಕಷ್ಟು ಜನ ಇದ್ದೇವೆ. ಮೊಳಕ್ಕಿಂತ ಚೂರು ಹೆಚ್ಚು ಉದ್ದ, ವರ್ಷಗಟ್ಟಲೆ ಅಂಗೈಯ ಜಿಡ್ಡು ಕುಡಿದು ಕರ್ರಗೆ ಮಿರುಗುವ ಮೈ. ಅಪ್ಪನ ಕೆನ್ನೆಗೆ ನೊರೆ ಹಚ್ಚಿಯಾದ ಮೇಲೆ ಅಂಗಡಿಯವರು ಅದರ ತುದಿಯನ್ನು ಎಡಗೈಯಲ್ಲಿ ಬಿಗಿಹಿಡಿದು ಕತ್ತಿಯನ್ನು ಸರಕ್ ಸರಕ್ ಎಂದು ಎಳೆಯುತ್ತಿದ್ದರು. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನನಗೆ ಅದು ಮಕ್ಕಳನ್ನು ಹೆದರಿಸಲೆಂದೇ ಮಾಡುವ ಸದ್ದು ಎನಿಸುತ್ತಿತ್ತು. ಆಮೇಲೆ ಒಬ್ಬೊಬ್ಬರಿಗೂ ಹೊಸ ಬ್ಲೇಡು ಹಾಕುವ ಪದ್ಧತಿ ಬಂತು, ಪಟ್ಟಿ ಕಿಟಕಿಯಿಂದ ಇಳಿಯಿತು. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದೆಂಬ ಎಚ್ಚರಿಕೆಯಿಂದ ಆದದ್ದು, ಒಳ್ಳೆಯದೇ ಆಯಿತು. ಮನೆಗಳಿಂದ ಅದು ಕಾಣೆಯಾಗಲು ತೊಡಗಿದ್ದು ಇನ್ನೂ ಮೊದಲೇ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ತೆಳು ಬ್ಲೇಡಿನ ಜಾಹೀರಾತು ಸಾರುತ್ತಿದ್ದದ್ದು, ಇನ್ನು ಪಟ್ಟಿಯ ಗೋಜೂ ಇಲ್ಲ, ಸಾಣೆಯ ಗೋಜೂ ಇಲ್ಲ ಎಂದೇ.

ನಿವೃತ್ತನಾದ ಮೇಲೆ ನನಗೆ ಆ ಗೋಜಿನ ಮೇಲೆಯೇ ಆಸೆಯಾಯಿತು. ಮಡಿಚುವ ಕತ್ತಿಯಲ್ಲೇ ಗಡ್ಡ ಹೆರೆದುಕೊಳ್ಳುತ್ತೇನೆಂದೆ. “ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನೆ ಹೇಳಿಲ್ಲ” ಎಂದು ಮನೆಯಾಕೆ ನಕ್ಕಳು. ಜರ್ಮನಿಯ ಸೋಲಿಂಗೆನ್‌ನಲ್ಲಿ ಮಾಡಿದ ಕತ್ತಿ ತರಿಸಿದೆ. ಕತ್ತಿ, ಚಾಕು, ಕತ್ತರಿಗಳಿಗೇ ಹೆಸರಾದ ಊರು ಅದು. ಬೇರೆಡೆ ಮಾಡಿದ ಮಾಲಿನ ಮೇಲೆ ಆ ಹೆಸರು ಕೆತ್ತದಂತೆ ಕಾನೂನೇ ಇದೆ. ಅಂಥ ಕತ್ತಿಗೆ ತಕ್ಕ ಪಟ್ಟಿ ಬೇಡವೇ? ಕುದುರೆಯ ಪೃಷ್ಠಭಾಗದ, ಗಾಜಿನಂತೆ ನುಣುಪಾದ ತೊಗಲನ್ನೇ ಆರಿಸಿದೆ. ಮನೆಯಲ್ಲಿ ಅದರ ಅರ್ಧ ಬೆಲೆ ಹೇಳಿದೆ. ಮೂರನೆಯ ದಿನ ಬೆಳಗ್ಗೆ ಪಟ್ಟಿಯ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಸಿಪ್ಪೆ ಎದ್ದಿತು.

ತಪ್ಪು ನನ್ನದೇ. ಈ ಕೆಲಸದ ಸೂತ್ರ ನಾಲ್ಕೇ ಪದ: ಬೆನ್ನು ಮುಂದೆ, ಬಾಯಿ ಹಿಂದೆ. ಕತ್ತಿಯ ದಪ್ಪ ಬೆನ್ನು ಮುಂದಾಗಿ ಸಾಗಬೇಕು, ಹರಿತವಾದ ಬಾಯಿ ಅದರ ಹಿಂದೆ ಬರಬೇಕು. (ಮನೆಯೊಳಗೂ ಇದನ್ನು ಪಾಲಿಸಿದರೆ ಎಷ್ಟೋ ಜಗಳ ತಪ್ಪೀತು, ಅದಿರಲಿ.) ಪಟ್ಟಿಯ ಕೊನೆ ಮುಟ್ಟಿದಾಗ ಕತ್ತಿ ಒಂದು ಕ್ಷಣ ನಿಂತು, ಬೆನ್ನು ತೊಗಲನ್ನು ಬಿಡದಂತೆ ಅದರ ಮೇಲೆಯೇ ಹೊರಳಿ, ಆಮೇಲೆ ಮರಳಬೇಕು. ನಾನು ಹೊರಳುವುದು ಮುಗಿಯುವ ಮೊದಲೇ ಮರಳಿದ್ದೆ.

ಅಪ್ಪನಿಗೆ ಕ್ಷೌರ ಮಾಡುತ್ತಿದ್ದ ಹಿರಿಯರು ಈಗ ಎಂಬತ್ತರ ಮೇಲಿನವರು. ಗಾಯಗೊಂಡ ಪಟ್ಟಿಯನ್ನು ಒಯ್ದು ತೋರಿಸಿದೆ. ಹೆಬ್ಬೆರಳಿನಿಂದ ಸಿಪ್ಪೆಯನ್ನು ಸವರಿ, “ಮೊದಲನೇ ಪಟ್ಟಿ ಕಡಿಸ್ಕೊಳ್ಳೋಕೇ ಇರೋದು ಸ್ವಾಮಿ. ನೀವು ಎರಡನೇದನ್ನ ಮೊದಲು ತಂದಿದೀರಿ” ಎಂದರು. ಸಿಪ್ಪೆಗೆ ಚೂರು ಅಂಟು ಹಚ್ಚಿ ಕೂರಿಸಿ, ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಲು ಹೇಳಿದರು. ಅಂಚಿನ ಗಾಯ ಹೀಗೆ ಮಾಯುತ್ತದೆ. ನಡುವೆ ಆಳವಾಗಿ ಬಿದ್ದರೆ ಪಟ್ಟಿಯ ಆಯುಸ್ಸು ಮುಗಿದಂತೆ. ಬಾಯಿಗೆ ಹದ ಕೊಡಬೇಕಾದದ್ದೇ ಬಾಯಿ ಕೆಡಿಸತೊಡಗುತ್ತದೆ. ಕುದುರೆ ತೊಗಲು ಬೀರು ಸೇರಿತು.

ಅವರ ಮಾತಿನಂತೆ ತಂದದ್ದು ದನದ ತೊಗಲಿನ ಸಾಧಾರಣ ಪಟ್ಟಿ, ಮೂರು ಇಂಚು ಅಗಲ. ಕತ್ತಿಯ ಅಲಗೂ ಹೆಚ್ಚುಕಡಿಮೆ ಮೂರು ಇಂಚೇ, ಆದ್ದರಿಂದ ನೇರ ಎಳೆದರೆ ಸಾಕು. ಎರಡು ಇಂಚಿನದಾದರೆ ಓರೆಯಾಗಿ ಎಳೆಯುವ ಕೈಚಳಕ ಬೇಕು; ಹೊಸಬನಿಗೆ ಅದು ಎರಡನೆಯ ತಲೆನೋವು. ಮರದ ತೊಗಟೆಯಿಂದ ಹದ ಮಾಡಿದ ತೊಗಲಾದರೆ ಒಳ್ಳೆಯದು. ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ ಹಿಂದಿನಿಂದಲೂ ಈ ಕೆಲಸಕ್ಕೆ ಒದಗಿಬಂದಿದೆ. ತೊಗಲಿನ ಜೊತೆ ದಪ್ಪ ಬಟ್ಟೆಯದೂ ಒಂದು ಪದರ ಇರುತ್ತದೆ. ಮೊದಲು ಬಟ್ಟೆಯ ಮೇಲೆ ಇಪ್ಪತ್ತು ಸಲ, ಆಮೇಲೆ ತೊಗಲಿನ ಮೇಲೆ ಐವತ್ತು ಸಲ ಹೋಗಿ ಬರುವುದು ನನ್ನ ಲೆಕ್ಕ. ಕೈ ಹಗುರವಾಗಿರಬೇಕು, ಪಟ್ಟಿ ಬಿಗಿಯಾಗಿರಬೇಕು. ಜೋಲುಬಿದ್ದ ತೊಗಲು ಬಾಯಿಯನ್ನು ಗುಂಡಗಾಗಿಸುತ್ತದೆ. ಬಿಗಿ ಹಿಡಿಯಲು ಬಾರದವರಿಗೆ ಮರದ ಹಲಗೆಗೆ ತೊಗಲು ಅಂಟಿಸಿದ್ದೂ ಸಿಗುತ್ತದೆ. ಕಾಸು ಖರ್ಚಿಲ್ಲದೆ ಕಲಿಯಬೇಕೆಂದರೆ, ಓದಿ ಮುಗಿಸಿದ ಈ ಪತ್ರಿಕೆಯನ್ನೇ ಮಡಿಚಿ ಮೇಜಿನ ಮೇಲಿಟ್ಟು, ಬೆಣ್ಣೆ ಸವರುವ ಚಾಕುವಿನಿಂದ ಹೊರಳಿಕೆ ಅಭ್ಯಾಸ ಮಾಡಿ. ಕೈ ಪಳಗಿದ ಮೇಲೆ ಕತ್ತಿಯನ್ನೇ ಪತ್ರಿಕೆಯ ಮೇಲೆ ಎಳೆಯುವವರೂ ಇದ್ದಾರೆ. ಅಂಕಣಗಳಿಂದ ಇಂಥ ಉಪಯೋಗವೂ ಉಂಟೆಂದು ತಿಳಿದು ನನಗೆ ಸಮಾಧಾನವಾಯಿತು.

ಪಟ್ಟಿಯನ್ನು ಸಾಕುವುದು ಕಷ್ಟವಲ್ಲ. ದಿನವೂ ಎಳೆಯುವ ಮೊದಲು ಅಂಗೈಯಿಂದ ನಾಲ್ಕಾರು ಸಲ ಉಜ್ಜಿದರೆ ಧೂಳು ಹೋಗುತ್ತದೆ, ತೊಗಲು ಬೆಚ್ಚಗಾಗುತ್ತದೆ. ಅಂಗೈಯ ಜಿಡ್ಡೇ ಅದಕ್ಕೆ ಅನ್ನ. ಒಣಗಿದೆ ಎನಿಸಿದರೆ ವರ್ಷಕ್ಕೊಮ್ಮೆ ಒಂದೆರಡು ಹನಿ ಎಣ್ಣೆ ಸಾಕು. ಪ್ರೀತಿ ಉಕ್ಕಿ ಎಣ್ಣೆ ಸುರಿದರೆ ತೊಗಲು ಮಳೆಗಾಲದ ಹಪ್ಪಳದಂತೆ ಮೆತ್ತಗಾಗಿಬಿಡುತ್ತದೆ. ಮಡಿಚಬಾರದು, ಬಿಸಿಲಿಗೆ ಹಾಕಬಾರದು, ಬಚ್ಚಲಲ್ಲಿ ತೂಗುಬಿಡಲೇಬಾರದು. ಮಲೆನಾಡಿನಲ್ಲಿ ಚಪ್ಪಲಿಗೆ ಹಿಡಿಯುವ ಬೂಷ್ಟು ಇದನ್ನೂ ಬಿಡುವುದಿಲ್ಲ. ಹಸಿರು ಬಣ್ಣದ ಕ್ರೋಮಿಯಂ ಆಕ್ಸೈಡ್ ಮುಲಾಮು ಹಚ್ಚಿ ಹರಿತ ಹೆಚ್ಚಿಸುವುದುಂಟು, ಅದಕ್ಕೆ ಬೇರೆಯೇ ಪಟ್ಟಿ ಇರಲಿ. ಇಷ್ಟು ಉಪಚಾರ ಏಕೆಂದು ಕೇಳಬಹುದು. ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೃದು. ಆದರೂ ಕೊನೆಗೆ ಸೋಲುವುದು ಉಕ್ಕೇ. ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು ಕ್ಷೌರದ ಬ್ಲೇಡುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು: ಕೂದಲು ಬಾಗಿ ಓರೆಯಾಗಿ ತಾಗಿದಾಗ ಅಲಗಿನ ಬಲಹೀನ ಜಾಗದಲ್ಲಿ ಚಕ್ಕೆ ಏಳುತ್ತದೆ. ದಿನದ ಸವೆತಕ್ಕೆ ದಿನವೇ ಪಟ್ಟಿ ಕಾಣಿಸಿದರೆ ಕತ್ತಿ ಸಾಣೆಕಲ್ಲಿಗೆ ಹೋಗುವುದು ಎಷ್ಟೋ ತಿಂಗಳಿಗೊಮ್ಮೆ.

ಹಿರಿಯರ ಮಾತು ಮಾತ್ರ ನನ್ನನ್ನು ಕ್ಷೌರದಾಚೆಗೂ ಬೆನ್ನಟ್ಟಿತು. ಕಲಿಯುವವರಿಗೆ ಕೆಡಿಸಲು ನಮ್ಮ ಮನೆಗಳಲ್ಲಿ ನಾವು ಏನು ಕೊಡುತ್ತೇವೆ? ಅಮ್ಮ ಅಕ್ಕನಿಗೆ ಹೊಲಿಗೆ ಕಲಿಸಿದ್ದು ಅಪ್ಪನ ಹಳೆ ಪಂಚೆಯ ಮೇಲೆ. ದೋಸೆ ಹೊಯ್ಯಲು ಕೂರಿಸಿದಾಗ ಮೊದಲ ಮೂರು ದೋಸೆಗಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನಾನೋ, ಮಗನಿಗೆ ಸ್ಕೂಟರ್ ಕಲಿಸುವಾಗ ಹೊಸ ಗಾಡಿಯನ್ನೇ ಕೊಟ್ಟೆ, ಗೀರು ಬಿದ್ದ ದಿನ ರಾತ್ರಿ ಅವನೊಡನೆ ಮಾತು ಬಿಟ್ಟೆ. ಆಮೇಲೆ ಎಷ್ಟೋ ತಿಂಗಳು ಅವನು ಕೀಲಿಕೈ ಮುಟ್ಟಲಿಲ್ಲ. ಹೊಸದಾಗಿ ಬಂದ ಸೊಸೆಯ ಮೊದಲ ಸಾರು, ಕೆಲಸಕ್ಕೆ ಸೇರಿದ ಹುಡುಗನ ಮೊದಲ ಲೆಕ್ಕಪತ್ರ, ಎಲ್ಲದಕ್ಕೂ ನಾವು ಕುದುರೆ ತೊಗಲನ್ನೇ ಹಾಸಿ ಕಾಯುತ್ತಿರುತ್ತೇವೆ. ಮುಂದಿನ ಸಲ ಯಾರಿಗಾದರೂ ಏನಾದರೂ ಕಲಿಸುವಾಗ ಒಂದು ಹಳೆ ಪಂಚೆ ಹುಡುಕಿಟ್ಟುಕೊಳ್ಳೋಣ.

ನನ್ನ ಅಗ್ಗದ ಪಟ್ಟಿ ಹತ್ತು ತಿಂಗಳಲ್ಲಿ ಏಳು ಗಾಯ ತಿಂದಿತು, ಎಲ್ಲವೂ ಅಂಚಿನವೇ. ಅದರ ಮೇಲೆ ನಾಲ್ಕು ತಿಂಗಳು ಹೊಸದು ಬೀಳದೆ ಇದ್ದಾಗ ಬೀರುವಿನಿಂದ ಕುದುರೆ ತೊಗಲನ್ನು ಹೊರತೆಗೆದೆ. ಹಳೆಯದನ್ನು ಎಸೆಯಲು ಮನಸ್ಸಾಗಲಿಲ್ಲ. ಮೈಸೂರಿನಲ್ಲಿರುವ ತಂಗಿಯ ಮಗ ಕತ್ತಿ ಕೊಂಡಿದ್ದಾನೆಂದು ತಿಳಿದು, ಚೆನ್ನಾಗಿ ಉಜ್ಜಿ ಒರೆಸಿ ಅವನಿಗೆ ಕಳಿಸಿಕೊಟ್ಟೆ. ಮೊನ್ನೆ ಫೋನು ಮಾಡಿದ್ದ. ಎಂಟನೆಯದು ಬಿದ್ದಿದೆಯಂತೆ.